ಒಲೆ ಹೂಡಿದವರು

ಅವರ ದನಿಯನ್ನು ಮೊದಲು ಕೇಳಿದೆ, ಆಮೇಲೆ ಅವರನ್ನು ನೋಡಿದೆ. ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬೆಳಗಿನ ಬಸ್ಸು ತಿರುವಿನಲ್ಲಿ ಕಾಣಿಸುವ ಮುಂಚೆಯೇ ಒಳಗಿನ ಕೂಗು ನಿಲ್ದಾಣಕ್ಕೆ ಬಂದು ಮುಟ್ಟುತ್ತಿತ್ತು: "ಹಿಂದ ಸರೀರಿ! ಹಿಂದ ಜಾಗಾ ಅದ, ಸರೀರಿ!" ಹಿಂದೆ ಜಾಗ ಇರುತ್ತಿರಲಿಲ್ಲ. ಆದರೂ ಜನ ಸರಿಯುತ್ತಿದ್ದರು. ಸರಿದ ಮೇಲೆ ನೋಡಿದರೆ ಎಲ್ಲಿಂದಲೋ ಜಾಗ ಬಂದಿರುತ್ತಿತ್ತು.

ಅವರು ಆ ಬಸ್ಸಿನ ಕಂಡಕ್ಟರ್. ಹೋದ ವರ್ಷ ನಿವೃತ್ತರಾದರು. ಹೆಸರು ಬರೆಯುವುದಿಲ್ಲ. ಬರೆದರೆ ಅವರೇ ಮನೆಗೆ ಬಂದು, "ಹೆಸರ್ಯಾಕ ಹಾಕ್ದಿ, ಬಸ್ಸಿನ ನಂಬರ್ ಹಾಕಿದ್ರ ಸಾಕಿತ್ತಲ್ಲ" ಎಂದಾರು. ದಾರಿಯ ಎಲ್ಲರಿಗೂ ಅವರು ಕಂಡಕ್ಟರ್ ಅಕ್ಕ. ಸೀರೆಯ ಮೇಲೆ ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಹಣೆಯ ಮೇಲೆ ಅಗಲ ಕುಂಕುಮ. ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು, ಈಗ ಭೂಮಿ ಬ್ರೇಕು ಹಾಕೀತು ಎನ್ನುವ ಹಾಗೆ.

ಓದುವಾಗ ಐದು ವರ್ಷ, ಆಮೇಲೆ ಕೆಲಸಕ್ಕೆಂದು ಇನ್ನಷ್ಟು ವರ್ಷ, ನಾನು ಶಹಾಪುರದಿಂದ ಯಾದಗಿರಿಗೆ ಆ ಬಸ್ಸಿನಲ್ಲೇ ಹೋಗಿಬಂದೆ. ನನ್ನದು ಮಾತು ಕಡಿಮೆ. ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದೆ. ಅದಕ್ಕೆ ನನಗೆ ಅವರು ಇಟ್ಟ ಹೆಸರು ಕಿಡಕಿ. ಒಂದು ದಿನ ಪಕ್ಕದಲ್ಲಿ ನಿಂತಿದ್ದವನೊಬ್ಬ ಬಸ್ಸು ಕುಲುಕಿದಾಗಲೆಲ್ಲ ನನ್ನ ಭುಜದ ಮೇಲೆ ಬೀಳುತ್ತಿದ್ದ. ಕುಲುಕದಾಗಲೂ ಬೀಳುತ್ತಿದ್ದ. ಅವರು ಟಿಕೆಟ್ ಯಂತ್ರ ಹಿಡಿದುಕೊಂಡು ಬಂದು ಅವನ ಮುಂದೆ ನಿಂತರು.

"ಏನಣ್ಣಾ, ಕಾಲಾಗ ಎಲುಬಿಲ್ಲೇನು?"

"ರಶ್ ಅದಲ್ರೀ ಅಕ್ಕಾರ."

"ರಶ್ ಎಲ್ಲರಿಗೂ ಅದ. ನೀ ಒಬ್ಬನ ಬೀಳಾಕತ್ತಿ. ಹಿಂದ ಸರಿ."

ಅವನು ಸರಿದ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನನಗೆ ಮುಜುಗರವಾಗುತ್ತಿತ್ತು. ಅದು ಅವರಿಗೆ ಗೊತ್ತಿತ್ತು. ನನ್ನ ಮದುವೆ ಯಾವಾಗ ಎಂದು ಇಷ್ಟು ವರ್ಷದಲ್ಲಿ ಕೇಳದ ಏಕೈಕ ಹಿರಿಯರು ಅವರು.

ಅವರ ಮದುವೆಯ ಬಗ್ಗೆ ಮಾತ್ರ ಎಲ್ಲರೂ ಕೇಳುತ್ತಿದ್ದರು. ತೆಲುಗು ಗಡಿಯ ಗುರುಮಠಕಲ್ ಕಡೆ ಕೊಟ್ಟಿದ್ದರಂತೆ. ತೆಲುಗು ಬಾಯಿಗೆ ಹತ್ತುವಷ್ಟು ದಿನವೂ ಅಲ್ಲಿ ನಿಲ್ಲದೆ ತವರಿಗೆ ಬಂದರಂತೆ. ಬಳಿಚಕ್ರದ ಮುದುಕಿಯೊಬ್ಬಳು ಬಿಡದೆ ಕೆದಕಿದಳು: "ಗಂಡನ್ನ ಯಾಕ ಬಿಟ್ಟೆವ್ವಾ?" ಇವರು ಟಿಕೆಟ್ ಹರಿದು ಆಕೆಯ ಕೈಗಿಟ್ಟು, "ನನ್ನ ಸ್ಟಾಪ್ ಬಂತು, ಇಳದ್ನಿ" ಎಂದರು. ಆ ವಿಷಯವಾಗಿ ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಶಹಾಪುರದಲ್ಲಿ, ಬೆಟ್ಟದ ಬುಡದಲ್ಲಿ ಅವರ ತಂದೆಯ ಮನೆ. ಮುಂದಿನ ಭಾಗದಲ್ಲಿ ತಮ್ಮ ಮತ್ತು ಅವನ ಹೆಂಡತಿ. ಹಿಂದಿನ ಕೋಣೆ ಇವರದು. ಕೋಣೆ ಇವರದು ಎಂದು ತಂದೆ ಬಾಯಿಮಾತಿನಲ್ಲಿ ಹೇಳಿದ್ದರು, ಅಷ್ಟೆ. ಅದಕ್ಕೆ ಸಾಕ್ಷಿ ಎಂದರೆ ಆ ಮೂಲೆಯಲ್ಲಿದ್ದ ಒಂದು ಮಣ್ಣಿನ ಒಲೆ. ನಮ್ಮ ಕಡೆ ಮನೆ ಒಡೆದದ್ದನ್ನು 'ಒಲಿ ಬ್ಯಾರೆ ಆತು' ಎನ್ನುತ್ತಾರೆ. ಯಾರ ಒಲೆ ಎಲ್ಲಿ ಉರಿಯುತ್ತದೋ ಅಷ್ಟು ಜಾಗ ಅವರದು. ಗೋಡೆ ಆಮೇಲೆ ಬರುತ್ತದೆ.

ಗ್ಯಾಸ್ ಸಾಲದೇ ಎಂದು ನಾನೇ ಒಮ್ಮೆ ಕೇಳಿದ್ದೆ. ಚಹಾಕ್ಕೆಂದು ಒಂದು ಚಿಕ್ಕ ಗ್ಯಾಸ್ ಅವರಲ್ಲೂ ಇತ್ತು.

"ಗ್ಯಾಸಿಗೆ ಬೇರಿಲ್ಲ, ಕಿಡಕಿ. ನಾ ಡ್ಯೂಟಿಗೆ ಹೋದಾಗ ಎತ್ತಿ ಅಂಗಳದಾಗ ಇಟ್ರಂದ್ರ ಮುಗೀತು. ಒಲಿ ಹಂಗ ಎತ್ತಾಕ ಬರಂಗಿಲ್ಲ."

ಎತ್ತಲು ಬರುವುದಿಲ್ಲ ನಿಜ, ಬೀಳಿಸಲು ಬರುತ್ತದೆ. ಒಂದು ಸಂಜೆ ಅವರು ಮನೆಗೆ ಹೋದಾಗ ಒಲೆಯ ಒಂದು ಪಕ್ಕ ಕುಸಿದಿತ್ತು. ಬೆಕ್ಕು ಹಾರಿ ಬೀಳಿಸಿತು ಎಂದಳು ತಮ್ಮನ ಹೆಂಡತಿ. ಇವರು ಮಣ್ಣು ಕಲಸಿ ಮತ್ತೆ ಕಟ್ಟಿದರು. ಕೆಲವು ದಿನಕ್ಕೆ ಅದೇ ಬೆಕ್ಕು ಮತ್ತೆ ಬಂತು. ಈ ಸಲ ಹಸಿಮಣ್ಣಿನ ಮೇಲೆ ಅಚ್ಚು ಉಳಿದಿತ್ತು.

"ಬೆಕ್ಕು ಒಂಬತ್ತು ನಂಬರ್ ಚಪ್ಪಲಿ ಹಾಕ್ತದೇನೋ?" ಎಂದು ಇವರು ತಮ್ಮನನ್ನು ಕೇಳಿದರಂತೆ.

ತಮ್ಮ ಕೆಟ್ಟವನೆಂದು ನಾನು ಹೇಳಲಾರೆ. ಅವನಿಗೆ ಜನದ ಬಾಯಿಯ ಭಯ. ಮನೆ ರಿಪೇರಿ ಮಾಡಿಸಿ, ನಡುವಿನ ಗೋಡೆ ತೆಗೆದು, ಇಡೀ ಹಿತ್ತಿಲ ಭಾಗವನ್ನು ಒಂದೇ ದೊಡ್ಡ ಅಡುಗೆಮನೆ ಮಾಡಬೇಕೆಂಬುದು ಅವನ ಆಸೆ. "ನಿನಗ್ಯಾಕ ಬ್ಯಾರೆ ಒಲಿ, ಅಕ್ಕಾ? ನಮ್ಮ ಜೋಡಿ ಉಣ್ಣು" ಎನ್ನುತ್ತಿದ್ದ. ಕೇಳುವವರಿಗೆ ಇದು ಪ್ರೀತಿಯ ಮಾತೇ. ಅವರು ಅದನ್ನು ನನಗೆ ಹೇಳಿ, "ಇವತ್ತು ಉಣ್ಣು ಅಂದಾವ ನಾಳಿ ಏಳು ಅಂತಾನ" ಎಂದರು.

ನನಗೆ ಕಾನೂನು ಗೊತ್ತಿತ್ತು. ಹೇಳಿದೆ. "ಅಕ್ಕಾರ, ಹೆಣ್ಣುಮಕ್ಕಳಿಗೂ ಪಾಲು ಅದರಿ. ದಾವಾ ಹೂಡ್ರಿ."

"ದಾವಾ ಹೂಡಿದ್ರ ವಕೀಲ ಉಣ್ತಾನ. ಒಲಿ ಹೂಡಿದ್ರ ನಾ ಉಣ್ತೀನಿ." ಸೀಟಿ ಊದಿ ಬಸ್ಸು ನಿಲ್ಲಿಸಿ, ಇಬ್ಬರನ್ನು ಇಳಿಸಿ, ಮತ್ತೆ ಊದಿ ನನ್ನ ಹತ್ತಿರ ಬಂದರು. "ಈ ಸಲ ಕಲ್ಲಿಂದು ಹೂಡ್ತೀನಿ. ಯಾವ ಬೆಕ್ಕು ಬರ್ತದ ಬರ್ಲಿ."

ಹೂಡು ಎಂಬ ಮಾತನ್ನು ನಾನು ಆ ದಿನದವರೆಗೆ ಎರಡು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತಿದ್ದೆ. ಅವರಿಗೆ ಅದು ಒಂದೇ ಕೆಲಸವಾಗಿತ್ತು.

ನಮ್ಮ ಸೀಮೆಯಲ್ಲಿ ಕಲ್ಲು ಎಂದರೆ ಮೊದಲು ನೆನಪಾಗುವುದು ಪರಸಿ. ಶಹಾಬಾದಿನ ಕಡೆಯಿಂದ ಬರುವ ಚಪ್ಪಟೆ ಬೂದುಗಲ್ಲು. ನೆಲಕ್ಕೆ ಪರಸಿ, ಕಟ್ಟೆಗೆ ಪರಸಿ, ಬಚ್ಚಲಿಗೆ ಪರಸಿ, ಗೋಡೆಯ ಗೂಡಿಗೆ ಹಲಗೆಯಾಗಿ ಪರಸಿ, ಸತ್ತವರ ಹೆಸರು ಕೊರೆಯುವುದಕ್ಕೂ ಪರಸಿ. ಹಾಗಾಗಿ ಅವರೂ ಎರಡನೆಯ ಯೋಚನೆ ಮಾಡದೆ ಮೂರು ದಪ್ಪ ಪರಸಿ ತುಂಡುಗಳನ್ನು ನಿಲ್ಲಿಸಿ ಒಲೆ ಕಟ್ಟಿದರು. ಬೇರೆ ಊರಿನವರಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದರು. ಪರಸಿಯ ಮೇಲೆ ಹುಟ್ಟಿ ಬೆಳೆದವರು ಪರಸಿಯನ್ನು ಅನುಮಾನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿಕೊಂಡು ಬಂದರು. ಡ್ರೈವರ್ ಗಾಬರಿಯಾದ.

"ಏನಾತ್ರೀ ಅಕ್ಕಾರ?"

"ಒಲಿ ಸಿಡೀತು."

ಪರಸಿ ಸುಣ್ಣದ ಅಂಶದ ಕಲ್ಲು, ಪದರು ಪದರಾಗಿ ಇರುವಂಥದ್ದು. ರೊಟ್ಟಿಗೆ ಉರಿ ಏರಿಸಿದಾಗ ಒಂದು ಪದರು ಪಟ್ಟೆಂದು ಎದ್ದು ಹುಬ್ಬಿಗೆ ಬಡಿದಿತ್ತು. ಇನ್ನೊಂದು ನಾದಿಟ್ಟ ಹಿಟ್ಟಿನಲ್ಲಿ ಹೋಗಿ ಕೂತಿತ್ತು. ಸಪ್ಪಳ ಕೇಳಿ ತಮ್ಮ ಬಾಗಿಲಿಗೆ ಬಂದು, "ಅಕ್ಕಾ, ದೀಪಾವಳಿ ಈ ಸಲ ಲಗೂನ ಬಂತಲ್ಲ" ಎಂದನಂತೆ. ಇದನ್ನು ಅವರೇ ಇಡೀ ಬಸ್ಸಿಗೆ ಹೇಳಿ, ಬಸ್ಸಿಗಿಂತ ಮೊದಲು ತಾವೇ ನಕ್ಕರು. ನಕ್ಕು ಮುಗಿದ ಮೇಲೆ, "ಕಲ್ಲು ಸೋತದ. ನಾ ಸೋತಿಲ್ಲ" ಎಂದರು.

ಅಂದಿನಿಂದ ಬಸ್ಸಿನಲ್ಲಿ ಕಲ್ಲಿನದೇ ಮಾತು. ತಮ್ಮ ತನ್ನ ಹೊಸ ಅಡುಗೆಮನೆಗೆ ತರಿಸಿದ್ದ ಗ್ರಾನೈಟಿನ ತುಂಡೊಂದನ್ನು ಉದಾರವಾಗಿ ಕೊಡಲು ಬಂದಿದ್ದ. "ಹೆಂಗ ಹೊಳೀತದ ನೋಡಕ್ಕಾ." ಇವರು, "ಒಲ್ಯಾಗ ಮಾರಿ ನೋಡ್ಕೊಳ್ಳೂದೇನದ?" ಎಂದು ಹಿಂದಕ್ಕೆ ಕೊಟ್ಟರು. ಮನೆಯ ಹಿಂದೆಯೇ ಇರುವ ಬೆಟ್ಟದ ಕಲ್ಲು ಹೇಗೆ ಎಂದು ಒಂದು ದಿನ ಕೇಳಿದ್ದು ಚಾಣ, ಸುತ್ತಿಗೆಗಳ ಚೀಲದೊಂದಿಗೆ ಹತ್ತಿದ್ದ ಕಲ್ಲುಕುಟಿಗನನ್ನು. ಅವನು ಬಾಯಿತುಂಬ ನಕ್ಕ.

"ಬಂಡೆಗಲ್ಲಿನ ಮ್ಯಾಲ ಬೆಂಕಿ ಹಚ್ಚೇ ಅಕ್ಕಾರ ನಾವು ಅದನ್ನ ಎಬ್ಬಸೂದು. ಕಾದ್ರ ತಾನ ಬಿಡ್ತದ. ಬೆಂಕಿಗಿ ಅಂಜೂ ಕಲ್ಲು ಅದು."

"ಅಂಜೂ ಕಲ್ಲು ನಮ್ಮ ತಮ್ಮನ ಪಾಲಿಗಿರ್ಲಿ. ಅಂಜಲಾರದ್ದು ಯಾವುದು?"

"ಬೀಸೂ ಕಲ್ಲು ಮಾಡ್ತಾರಲ್ರೀ, ಆ ಕರಿಕಲ್ಲು ನೋಡ್ರಿ. ಆದ್ರ ಕರ್ರಗ ಇದ್ದದ್ದೆಲ್ಲಾ ಕರಿಕಲ್ಲಲ್ಲ ಮತ್ತ."

ಅಲ್ಲಿಂದ ಪರೀಕ್ಷೆಗಳು ಶುರುವಾದವು. ಯಾದಗಿರಿ ಬಸ್ ನಿಲ್ದಾಣದ ಹೊರಗೆ ಕಟ್ಟಿಗೆಯ ಒಲೆಯ ಮೇಲೆ ಮಿರ್ಚಿ ಬಜ್ಜಿ ಕರಿಯುವವನೊಬ್ಬನಿದ್ದ. ಸಂಜೆಯ ಬಸ್ಸು ಹೊರಡುವ ಮುಂಚೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಇವರು ದಾರಿಯುದ್ದಕ್ಕೂ ಸಂಗ್ರಹಿಸಿದ ಕಲ್ಲಿನ ಚೂರುಗಳನ್ನು ಅವನ ಒಲೆಯ ಕೆಂಡದಲ್ಲಿ ಹುಗಿಯುತ್ತಿದ್ದರು. ಚೆನ್ನಾಗಿ ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ತಣ್ಣೀರಿನ ಬಕೆಟ್ಟಿಗೆ ಹಾಕುತ್ತಿದ್ದರು. ಬಕೆಟ್ಟು ಹಿಡಿದು ನಿಲ್ಲುವ ಕೆಲಸ ನನ್ನದು. ನೀರಿಗೆ ಯಾಕೆ ಹಾಕಬೇಕು ಎಂದು ಕೇಳಿದೆ. "ಉರಿ ತಡ್ಕೊಂಡ್ರ ಸಾಲಂಗಿಲ್ಲ. ಉರಿಯಾಗ ಇದ್ದಾಗ ನೀರು ಹಾಕಾವ್ರು ಇರ್ತಾರ" ಎಂದರು. ತೆಗೆದ ಮೇಲೆ ಕಲ್ಲನ್ನು ಕಿವಿಯ ಹತ್ತಿರ ಹಿಡಿದು ನಾಣ್ಯದಿಂದ ಬಡಿಯುತ್ತಿದ್ದರು. ಒಳಗೆ ಬಿರುಕಿದ್ದರೆ ದನಿ ಮಂದವಾಗಿ ಬರುತ್ತಿತ್ತು.

ಬಜ್ಜಿಯವನು ಗೋಳಾಡುತ್ತಿದ್ದ. "ಅಕ್ಕಾರ, ನಾ ಮಿರ್ಚಿ ಕರೀಲೋ ಕಲ್ಲು ಕರೀಲೋ?"

"ಎರಡೂ ಕರಿ. ನಿನ್ನ ಮಿರ್ಚಿಗಿಂತ ಕಲ್ಲು ಮೆತ್ತಗಿರ್ತದ."

ಭೀಮಾ ದಂಡೆಯ ಊರಿನಿಂದ ಮೀನಿನ ಬುಟ್ಟಿ ತರುವ ಹೆಂಗಸೊಬ್ಬಳು ಪ್ರೀತಿಯಿಂದ ಒಂದು ಹೊಳೆಯ ಗುಂಡುಕಲ್ಲು ತಂದುಕೊಟ್ಟಳು. ನೀರಿನಲ್ಲೇ ಇದ್ದು ಗಟ್ಟಿಯಾದ ಕಲ್ಲು, ಇದಕ್ಕೆ ಏನೂ ಆಗುವುದಿಲ್ಲ ಎಂದು ಆಣೆ ಮಾಡಿ ಹೇಳಿದಳು. ಕೆಂಡಕ್ಕೆ ಬಿದ್ದ ಸ್ವಲ್ಪ ಹೊತ್ತಿಗೆ ಅದು ಎಂಥ ಸಪ್ಪಳ ಮಾಡಿ ಒಡೆಯಿತೆಂದರೆ ನಮ್ಮ ಡ್ರೈವರ್ ಓಡಿಹೋಗಿ ಬಸ್ಸಿನ ಟೈರು ನೋಡಿಬಂದ. ಬಜ್ಜಿಯವನು ಕೈಮುಗಿದು, "ಇನ್ನ ನಿಮ್ಮ ಕಲ್ಲು ನಿಮ್ಮ ಬಸ್ಸಿನಾಗ ಸುಡ್ರಿ ತಾಯಿ" ಎಂದ. ಎರಡು ದಿನ ನಾವು ಅವನ ಅಂಗಡಿಯ ಕಡೆ ಹೋಗಲಿಲ್ಲ. ಮೂರನೆಯ ದಿನ ಅವನೇ ಕೂಗಿ ಕರೆದ. ಕಲ್ಲಿನ ತಮಾಷೆ ನೋಡಲು ಬರುವ ಗಿರಾಕಿಗಳು ಕಡಿಮೆಯಾಗಿದ್ದರು.

ಕೊನೆಗೆ ಒಂದು ಕಲ್ಲು ನಿಂತಿತು. ಸುರಪುರದ ದಾರಿಯಲ್ಲಿ ಒರಳು, ಬೀಸುಕಲ್ಲು ಮಾಡಿ ಮಾರುವವರ ಹತ್ತಿರದ ಕರಿಕಲ್ಲು. ಹೊಳಪಿಲ್ಲ, ಬಣ್ಣವಿಲ್ಲ, ಯಾರೂ ತಿರುಗಿ ನೋಡುವಂಥದ್ದಲ್ಲ. ಕಾಯಿಸಿ ನೀರಿಗೆ ಹಾಕಿದರೆ ಬುಸ್ಸೆಂದಿತು. ಬಡಿದರೆ ಟಣ್ ಎಂದಿತು. ಅವರು ಮತ್ತೆ ಕಾಯಿಸಿದರು, ಮತ್ತೆ ಮುಳುಗಿಸಿದರು. ಮತ್ತೆ ಟಣ್. "ಈಕಿ ನಮ್ಮಾಕಿ" ಎಂದರು.

ಆ ಕಲ್ಲುಗಳು ಶಹಾಪುರಕ್ಕೆ ಬಂದದ್ದು ಅವರದೇ ಬಸ್ಸಿನಲ್ಲಿ. ನಾನು ಅಂದು ಸುರಪುರದ ನೆಂಟರ ಮನೆಯಿಂದ ಮರಳುತ್ತಿದ್ದೆ. ಗೋಣಿಯಲ್ಲಿ ಸುತ್ತಿದ ಮೂರು ಕಲ್ಲುಗಳನ್ನು ಹಮಾಲರು ಬಾಗಿಲ ಪಕ್ಕ ಇಟ್ಟರು. ಇವರು ಯಂತ್ರ ಒತ್ತಿ, ಲಗೇಜಿನ ಟಿಕೆಟ್ ಹರಿದು, ತಮ್ಮ ಬಲಗೈಯಿಂದ ತಮ್ಮ ಎಡಗೈಗೆ ಕೊಟ್ಟುಕೊಂಡರು. ಹಿಂದಿನ ಸೀಟಿನಿಂದ ಯಾರೋ ಕೂಗಿದರು:

"ಅಕ್ಕಾರ, ಹೆಣ್ಣಾದ್ರ ಫ್ರೀ ಅಲ್ಲೇನ್ರಿ? ಕಲ್ಲಿಗ್ಯಾಕ ಟಿಕೆಟ್?"

"ಹೆಣ್ಣು ಹೌದು. ಆಧಾರ್ ಕಾರ್ಡ್ ಮನ್ಯಾಗ ಬಿಟ್ಟು ಬಂದಾಳ."

ನಡುದಾರಿಯಲ್ಲಿ ತಪಾಸಣೆಯವರು ಹತ್ತಿದರು. ಗೋಣಿ ಯಾರದೆಂದು ಕೇಳಿ, ನಂದು ಎಂಬ ಉತ್ತರ ಕೇಳಿ, ಸಿಕ್ಕಿಬಿದ್ದಳೆಂಬ ಸಂತೋಷದಿಂದ ಕೈ ಚಾಚಿದರು. ಇವರು ಟಿಕೆಟ್ ಕೊಟ್ಟರು. ಅವರು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ಕಲ್ಲು ಏನು ಮಾಡ್ತೀರಿ?" ಎಂದರು. "ರೊಟ್ಟಿ" ಎಂದರು ಇವರು.

ವಾರದ ರಜೆಯ ದಿನ ಒಲೆ ಹೂಡಿದರು. ನಾನು ಹೋಗಿದ್ದೆ. ಮೊದಲು ನೆಲ ಅಗೆದು ಕಲ್ಲುಗಳನ್ನು ಅರ್ಧ ಹೂತರು. ಎರಡು ಕಲ್ಲುಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ಅದಕ್ಕೆ ಬೂದಿ ತುಂಬಿದರು. ಒತ್ತಿ ಕೂಡಿಸಿದರೆ ಇನ್ನೂ ಗಟ್ಟಿಯಲ್ಲವೇ ಎಂದೆ. "ಕಾದ್ರ ಕಲ್ಲು ಉಬ್ತದವ್ವಾ. ಉಬ್ಬಾಕ ಜಾಗಾ ಇರಲಿಲ್ಲಂದ್ರ ಒಂದನ್ನೊಂದು ಒಡೀತಾವ. ರಶ್ಶಿನ ಬಸ್ಸಿನಾಗ ನೋಡಿಲ್ಲೇನು?" ದೊಡ್ಡ ಬಾಯಿಯ ಹಿಂದೆ, ಉರಿ, ಕೆಂಡ ಹಾಯುವಂತೆ ಚಿಕ್ಕದೊಂದು ಕೋಡೊಲೆ. ಸಿಡಿದು ಉಳಿದಿದ್ದ ಪರಸಿಯನ್ನು ಎಸೆಯಲಿಲ್ಲ. ಬೆಂಕಿಯಿಂದ ದೂರ, ಕೂತು ರೊಟ್ಟಿ ಬಡಿಯುವ ಕಡೆ ಹಾಸಿದರು. "ಕೆಲಸದಿಂದ ತಗದಿಲ್ಲ. ರೂಟ್ ಬದಲಾಯಿಸೀನಿ ಅಷ್ಟ."

ತಮ್ಮ ಬಾಗಿಲಲ್ಲಿ ನಿಂತು ನೋಡಿದ. ನಡುವಿನ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ಒಳಗೆ ಹೋದ. ಆ ತಟ್ಟಿದ್ದು ನನಗೆ ಸರಿ ಅನ್ನಿಸಲಿಲ್ಲ.

ಅವರ ಕೊನೆಯ ದಿನ ಡಿಪೊದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಚೂಡಾ, ಪೇಡೆ ಹಂಚಿದರು. ಮಧ್ಯಾಹ್ನ ನಾನೂ ಅವರ ಜೊತೆ ಮನೆಗೆ ನಡೆದುಹೋದೆ. ಶಾಲು ನನ್ನ ಕೈಯಲ್ಲಿ, ಹಾರ ಅವರ ಕೊರಳಲ್ಲಿ. ಓಣಿಗೆ ತಿರುಗುವಾಗಲೇ ಗೋಡೆ ಒಡೆಯುವ ಸಪ್ಪಳ ಕೇಳಿಸಿತು. ಇನ್ನು ಅಕ್ಕ ದಿನವಿಡೀ ಮನೆಯಲ್ಲೇ ಇರುತ್ತಾಳೆ, ಇಂದು ಬಿಟ್ಟರೆ ಒಲೆ ತೆಗೆಯಲು ದಿನ ಸಿಗುವುದಿಲ್ಲ ಎಂದು ತಮ್ಮ ಲೆಕ್ಕ ಹಾಕಿದ್ದ.

ನಡುವಿನ ಗೋಡೆ ಅರ್ಧ ಬಿದ್ದಿತ್ತು. ಇಟ್ಟಿಗೆಯ ರಾಶಿಯ ನಡುವೆ ಗಾರೆ ಕೆಲಸದ ಗೌಂಡಿ ಗುದ್ದಲಿಯ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಮುಂದೆ ಒಲೆ. ಒಲೆಯಲ್ಲಿ ಬೆಂಕಿ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಇವರು ಒಂದು ದಪ್ಪ ಜಾಲಿಯ ಬೊಡ್ಡೆ ತುರುಕಿ ಹೋಗಿದ್ದರು. ಅದು ಇನ್ನೂ ನಿಧಾನವಾಗಿ ಉರಿಯುತ್ತಿತ್ತು.

"ಉರಿಯೂ ಒಲಿಗಿ ನಾ ಗುದ್ದಲಿ ಹಚ್ಚಂಗಿಲ್ರಿ" ಎನ್ನುತ್ತಿದ್ದ ಗೌಂಡಿ. "ನಾನೂ ಮಕ್ಕಳ್ನ ಹೆತ್ತಾವ, ಪಾಪ ಹತ್ತತದ. ಆರಿದ್ರ ಹೇಳ್ರಿ, ಒಂದು ಗಳಿಗಿ ಕೆಲಸ."

"ಆರಿಸ್ತೀನಿ ತಡಿ" ಎಂದು ತಮ್ಮ ನೀರಿನ ಕೊಡ ಎತ್ತಿಕೊಂಡ. ಆಗಲೇ ಅವನು ನಮ್ಮನ್ನು ನೋಡಿದ್ದು. ಕೊಡ ಹಿಡಿದ ಕೈ ಅಲ್ಲೇ ನಿಂತಿತು. ನೀರು ಬಿದ್ದರೆ ಬೆಂಕಿ ಆರುತ್ತದೆ, ಕಾದ ಕಲ್ಲು ಪರಸಿಯ ಹಾಗೆ ಸಿಡಿಯುತ್ತದೆ, ಆಮೇಲೆ ಗೌಂಡಿಗೆ ತಕರಾರಿಲ್ಲ. ಇಷ್ಟೂ ಅವನ ಮುಖದ ಮೇಲೆ ಓದಲು ಬರುವಂತಿತ್ತು.  ಅವನನ್ನು ತಡೆಯಿರಿ ಎಂದು ನಾನು ಅವರ ತೋಳು ಹಿಡಿದೆ.

ಅವರು ನನ್ನ ಕೈ ಬಿಡಿಸಿದರು. ಕಾಲು ಅಗಲಿಸಿ ನಿಂತರು.

"ಹಾಕು" ಎಂದರು.

"ಅಕ್ಕಾ, ಸುಮ್ನ ಹಟಾ ಮಾಡಬ್ಯಾಡ. ನಿನಗೇನು ಊಟ ಹಾಕಂಗಿಲ್ಲಂದೀನೇನು?"

"ಹಾಕಪ್ಪಾ. ಕೊಡ ಭಾರ ಆಗಾಕತ್ತದ."

ಅವನು ಸುರಿದ. ಕೋಣೆಯೆಲ್ಲ ಬುಸ್ಸೆಂದು ಬೂದಿ, ಹಬೆ. ಯಾರಿಗೂ ಯಾರೂ ಕಾಣಲಿಲ್ಲ. ನಾನು ಕಿವಿಗೊಟ್ಟು ನಿಂತಿದ್ದೆ. ಆ ಪಟ್ಟೆನ್ನುವ ಸಪ್ಪಳ ಬರಲಿಲ್ಲ. ಹಬೆ ತಿಳಿಯಾದಾಗ ಮೂರು ಕಲ್ಲುಗಳೂ ಮಿಂದು ನಿಂತವರ ಹಾಗೆ ಕರ್ರಗೆ ಹೊಳೆಯುತ್ತಿದ್ದವು.

ಅವರು ಮುಂದೆ ಹೋಗಿ, ಬಾಗಿ, ಕಿಸೆಯಿಂದ ನಾಣ್ಯ ತೆಗೆದು ಒಂದೊಂದಕ್ಕೂ ಬಡಿದರು. ಟಣ್. ಟಣ್. ಟಣ್. ಆಮೇಲೆ ಹಾರ ಬೆನ್ನಿಗೆ ಸರಿಸಿ ಪರಸಿಯ ಮೇಲೆ ಕೂತರು. ಕೊಳವೆ ಎತ್ತಿಕೊಂಡು, ನೀರು ಮುಟ್ಟದೆ ಹಿಂದೆ ಉಳಿದಿದ್ದ ಕೋಡೊಲೆಯ ಕೆಂಡಕ್ಕೆ ಊದಿದರು. ವರ್ಷಗಟ್ಟಲೆ ಸೀಟಿ ಊದಿದ ಉಸಿರು. ಎರಡನೆಯ ಊದಿಗೆ ಉರಿ ಎದ್ದಿತು.

ಗೌಂಡಿ ಗುದ್ದಲಿಯನ್ನು ಗೋಡೆಗೆ ಒರಗಿಸಿದ. "ಒಲಿ ಉರಿಯಾಕತ್ತದರಿ, ಸಾವ್ಕಾರ್ರ."

ತಮ್ಮ ಖಾಲಿ ಕೊಡ ಹಿಡಿದು ನಿಂತಿದ್ದ. ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ಒಂದ ಮನ್ಯಾಗ ಎರಡು ಒಲಿ ಅಂದ್ರ ಜನ ಏನಂತಾರಕ್ಕಾ?"

"ಎರಡು ಒಲಿ ಅದಾವ ಅಂತಾರ" ಎಂದರು ಅವರು. ಹಿಟ್ಟಿನ ಡಬ್ಬಿಗೆ ಕೈ ಹಾಕಿದರು.

ಮೊನ್ನೆ ಹೋಗಿದ್ದೆ. ತಮ್ಮನ ಅಡುಗೆಮನೆ ಮುಗಿದಿದೆ, ಗ್ರಾನೈಟು ಚೆನ್ನಾಗಿಯೇ ಹೊಳೆಯುತ್ತದೆ. ಅವನ ಹೆಂಡತಿ ರೊಟ್ಟಿ ಸುಡಲು ಮಾತ್ರ ಹಿಂದಿನ ಒಲೆಗೇ ಬರುತ್ತಾಳೆ. ಕೇಳಿಯೇ ಬರುತ್ತಾಳೆ. ನಾನೂ ಈ ನಡುವೆ ನನ್ನ ಮನೆಯವರ ಮುಂದೆ ಒಂದು ವಿಷಯದಲ್ಲಿ ಕಾಲು ಅಗಲಿಸಿ ನಿಂತಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡು ಭಾಗಗಳ ನಡುವೆ ಹೊಸ ಗೋಡೆ ಎದ್ದಿದೆ. ಒಂದು ತುದಿಯಿಂದ ನೇರವಾಗಿ ಬಂದು, ಒಲೆಯ ಹತ್ತಿರ ಒಂದು ಮೊಳ ತಮ್ಮನ ಕಡೆಗೆ ಬಾಗಿ, ಒಲೆ ದಾಟಿದ ಮೇಲೆ ಮತ್ತೆ ನೇರವಾಗುತ್ತದೆ. ಹೊಸದಾಗಿ ನೋಡಿದವರಿಗೆ ಗೌಂಡಿ ಕುಡಿದು ಕಟ್ಟಿದನೇನೋ ಅನ್ನಿಸಬೇಕು. ನಾನು ಕೂತಿದ್ದಾಗಲೇ ಬಂದ ನೆರೆಯಾಕೆ ಕೇಳಿದಳು: "ಈ ಗ್ವಾಡಿ ಯಾಕ್ರೀ ಹಿಂಗ ಸೊಟ್ಟ ಆಗ್ಯದ?"

ಅವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ಹಿಂದ ಸರಿ ಅಂದ್ನಿ. ಸರೀತು."